ಫೋಟೋ ನೋಡಿ ಹಳೇ ಮನೆಯ ಗುಣ ತಿಳಿಯುವುದು

ಮಾರಾಟಕ್ಕಿರುವ ಹಳೇ ಮನೆಗಳ ಫೋಟೋ ನೋಡಿದರೆ ಎಲ್ಲವೂ ಇಷ್ಟವಾಗುತ್ತದೆ, ನಿಜವಾಗಿ ಚೆನ್ನಾಗಿರೋದನ್ನ ಗುರುತಿಸುವುದು ಹೇಗೆ ಅಂತ ಕೇಳಿದ್ದೀರಿ. ಮೊದಲು ಮನೆಯ ನಕ್ಷೆ ನೋಡಿ, ಫೋಟೋ ಆಮೇಲೆ. ವೈಡ್ ಆಂಗಲ್ ಲೆನ್ಸಿನಲ್ಲಿ ಸಣ್ಣ ಕೋಣೆಯೂ ಹಜಾರದ ಹಾಗೆ ಕಾಣುತ್ತದೆ. ಅಂಚಿನಲ್ಲಿರುವ ಕುರ್ಚಿ ಅಡ್ಡಕ್ಕೆ ಎಳೆದಂತಿದ್ದರೆ ಅದೇ ಗುರುತು.

ಗೋಡೆಯ ಬುಡವನ್ನು ದೊಡ್ಡದು ಮಾಡಿ ನೋಡಿ. ಬಣ್ಣ ಉಬ್ಬಿ ಬಿಳಿ ಪುಡಿ ಕಂಡರೆ ನೆಲದ ತೇವ ಮೇಲೇರುತ್ತಿರಬಹುದು. ಸುಮ್ನೆ ಬಣ್ಣ ಹೊಡೆದರೆ ಅದು ಹೋಗುವುದಿಲ್ಲ.

ಹಳೇ ಅಡುಗೆಮನೆಗೆ ಹೆದರಬೇಡಿ, ಬದಲಾಯಿಸಬಹುದು. ಎತ್ತರದ ಚಾವಣಿ, ಬೆಳಕು ಬರುವ ದಿಕ್ಕು ಆಮೇಲೆ ಸಿಗುವಂಥದ್ದಲ್ಲ, ಅಲ್ವಾ? ಕಿಟಕಿ ಪಕ್ಕ ಕೂರಲು ಜಾಗ ಇದ್ದರಂತೂ ನನಗೆ ಜಾಸ್ತಿ ಇಷ್ಟ. ಯಾವ ಕೋಣೆಯ ಫೋಟೋ ಹಾಕಿಲ್ಲವೋ ಅದನ್ನು ಕೇಳಿ ತರಿಸಿಕೊಳ್ಳಿ.