ಗ್ಲೂ ಗನ್: ಯಾವುದು ತಗೊಳ್ಳೋದು, ಹೇಗೆ ಬಳಸೋದು?

ಶ್ರಾವಣ ಹತ್ತಿರ ಬಂದರೆ ಸಾಕು, ಅಂಟಿನ ಕಡ್ಡಿಯನ್ನು ಬಿಸಿಯಲ್ಲಿ ಕರಗಿಸಿ ಹಾಕುವ ಗ್ಲೂ ಗನ್ ಬಗ್ಗೆ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚು ಜನರಿಗೆ ಉಪಯೋಗ ಆಗುವಂಥವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ವರಮಹಾಲಕ್ಷ್ಮಿ ಹಬ್ಬಕ್ಕೆ ಬಾಗಿಲ ತೋರಣ, ದೇವರ ಹಿಂದಿನ ಅಲಂಕಾರ ಎಲ್ಲ ನಾನೇ ಮಾಡಬೇಕು ಅಂತ ಆಸೆ. ಚಿಕ್ಕಪೇಟೆಯಲ್ಲಿ ಕೇಳಿದರೆ ಒಂದು ಅಂಗಡಿಯವರು 20 ವ್ಯಾಟ್ ಸಾಕು ಅಂದರು, ಪಕ್ಕದವರು 100 ವ್ಯಾಟ್ ಇಲ್ಲದಿದ್ದರೆ ಏನೂ ನಿಲ್ಲಲ್ಲ ಅಂದರು. ಯಾರನ್ನು ನಂಬಲಿ? (ಗೃಹಿಣಿ, ವಿಜಯನಗರ)

ಮೇಡಂ, ನಿಮಗೆ 60 ವ್ಯಾಟಿನದು ಸಾಕು. ಯಾಕೆ ಅಂತ ಹೇಳುತ್ತೇನೆ.

ವ್ಯಾಟ್ ಜಾಸ್ತಿ ಇದ್ದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ವ್ಯಾಟ್ ಹೇಳುವುದು ಮುಖ್ಯವಾಗಿ ವೇಗವನ್ನು, ಅಂದರೆ ಗನ್ ಎಷ್ಟು ಬೇಗ ಬಿಸಿಯಾಗುತ್ತದೆ, ನೀವು ಟ್ರಿಗರ್ ಒತ್ತುತ್ತಾ ಹೋದರೆ ಒಳಗೆ ಬರುವ ಹೊಸ ಕಡ್ಡಿಯನ್ನು ಅದೇ ವೇಗದಲ್ಲಿ ಕರಗಿಸಿಕೊಡುತ್ತದೋ ಇಲ್ಲವೋ ಅನ್ನುವುದನ್ನು. ಮನೆಬಳಕೆಯ ಗನ್‌ಗಳಲ್ಲಿ ಸಾಮಾನ್ಯವಾಗಿ ಪಿಟಿಸಿ ಅನ್ನುವ ಹೀಟರ್ ಇರುತ್ತದೆ. ಬಿಸಿ ಏರಿದ ಮೇಲೆ ಅದು ಎಳೆಯುವ ಕರೆಂಟು ತಾನಾಗಿಯೇ ಕಡಿಮೆಯಾಗುತ್ತದೆ. ಹಾಗಾಗಿ ಕರೆಂಟ್ ಬಿಲ್ಲಿನ ಚಿಂತೆ ಬೇಡ.

20 ವ್ಯಾಟಿನ ಪುಟ್ಟ ಗನ್‌ಗೆ 7 ಮಿ.ಮೀ. ಕಡ್ಡಿ ಬೇಕು. ಕುಂದನ್ ಕಲ್ಲು, ಮಣಿ, ರೇಷ್ಮೆ ದಾರದ ಬಳೆ, ಕಾಗದದ ಹೂವು, ಇಂಥ ಸಣ್ಣ ಕೆಲಸಕ್ಕೆ ಅದು ಚೆನ್ನ. ಕೈಗೂ ಹಗುರ. ಆದರೆ ಉದ್ದನೆಯ ತೋರಣಕ್ಕೆ ಒಂದೇ ಸಮನೆ ಅಂಟು ಹಾಕುತ್ತಾ ಹೋದರೆ ಅರ್ಧದಲ್ಲೇ ಅಂಟು ದಪ್ಪಗಾಗಿ ಬರುತ್ತದೆ, ನೀವು ಬಲವಾಗಿ ಒತ್ತುತ್ತೀರಿ, ಟ್ರಿಗರ್ ಮುರಿಯುವುದು ಆಗಲೇ. 60 ವ್ಯಾಟಿನ ಗನ್‌ಗೆ 11 ಮಿ.ಮೀ. ಕಡ್ಡಿ ಹಾಕುತ್ತಾರೆ. ರಟ್ಟು, ಬಿದಿರು, ತೆಳು ಮರ, ಬಟ್ಟೆಯ ಹೂವು ಎಲ್ಲಕ್ಕೂ ಅದು ಆಗುತ್ತದೆ. 100 ವ್ಯಾಟ್ ಬೇಕಾಗುವುದು ಇಡೀ ದಿನ ಮಂಟಪ ಕಟ್ಟುವವರಿಗೆ. ಕಡ್ಡಿ ತಗೊಳ್ಳುವಾಗ ಅಳತೆ ನೋಡಿ, ಒಂದು ಅಳತೆಯ ಕಡ್ಡಿ ಇನ್ನೊಂದು ಅಳತೆಯ ಗನ್‌ಗೆ ಆಗುವುದಿಲ್ಲ.

ಅಂಗಡಿಯಲ್ಲೇ ಪ್ಲಗ್ ಹಾಕಿ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂಥದ್ದು ಕೇಳುವುದು ಮಾಮೂಲು. ಸುಮಾರು 5 ನಿಮಿಷದಲ್ಲಿ ಅಂಟು ಸರಾಗವಾಗಿ ಬರಬೇಕು. ಆನ್-ಆಫ್ ಸ್ವಿಚ್ ಇದ್ದರೆ ಒಳ್ಳೆಯದು. ಗನ್ನಿನ ಮುಂಭಾಗದ ತಂತಿಯ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಅಲ್ಲಾಡದೆ ನಿಲ್ಲುತ್ತದೆಯೇ ನೋಡಿ. ನಾನು ಬ್ರ್ಯಾಂಡಿಗಿಂತ ಮೊದಲು ನೋಡುವುದು ಈ ಸ್ಟ್ಯಾಂಡನ್ನೇ. ಕೆಲಸದ ನಡುವೆ ಗನ್ ಮಗುಚಿ ಬಿದ್ದರೆ ಕೈ ತಾನಾಗಿ ಅದನ್ನು ಹಿಡಿಯಲು ಹೋಗುತ್ತದೆ, ಅಲ್ವಾ?

ಪ್ರಶ್ನೆ: ಸ್ಟೀಲ್ ತಟ್ಟೆಗೆ ಕನ್ನಡಿ ಚೂರು, ಮುತ್ತು ಅಂಟಿಸಿ ಆರತಿ ತಟ್ಟೆ ಮಾಡಿ ಮಾರುತ್ತೇನೆ. ಅಂಟಿಸಿದಾಗ ಗಟ್ಟಿ ಇರುತ್ತದೆ, ವಾರದೊಳಗೆ ಒಂದೊಂದೇ ಉದುರುತ್ತದೆ. ಕಡ್ಡಿ ಕಳಪೆಯೇ? (ಯಲಹಂಕ)

ಕಡ್ಡಿಯ ತಪ್ಪು ಇರಲಾರದು. ಇದು ಸ್ಟೀಲಿನ ಗುಣ.

ಫೆವಿಕಾಲ್‌ನಲ್ಲಿ ನೀರು ಇರುತ್ತದೆ. ಅದು ಕಾಗದದ, ಮರದ ಒಳಗೆ ಇಳಿದು, ನೀರು ಆರಿ, ಹಿಡಿಯುತ್ತದೆ. ಗ್ಲೂ ಗನ್ನಿನ ಅಂಟಿನಲ್ಲಿ ಆರುವಂಥದ್ದು ಏನೂ ಇಲ್ಲ. ಅದು ಇವಿಎ ಅನ್ನುವ ಪ್ಲಾಸ್ಟಿಕ್, ಬಿಸಿಗೆ ಕರಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ, ಅಷ್ಟೇ. ಕರಗಿರುವ ಆ ಕೆಲವೇ ಸೆಕೆಂಡುಗಳಲ್ಲಿ ಅದು ಮೇಲ್ಮೈಯ ಸಣ್ಣ ಸಣ್ಣ ಸಂದುಗಳಿಗೆ ಹರಿದು ಕೂತರೆ ಹಿಡಿಯಿತು, ಇಲ್ಲದಿದ್ದರೆ ಸುಮ್ನೆ ಮೇಲೆ ಕೂತಿತು. ರಟ್ಟಿಗೆ, ಬಟ್ಟೆಗೆ ಅಷ್ಟು ಚೆನ್ನಾಗಿ ಹಿಡಿಯುವ ಅಂಟು ಸ್ಟೀಲಿಗೆ, ಗಾಜಿಗೆ ಸೋಲುವುದು ಇಲ್ಲೇ. ಒಂದು, ಅವು ನುಣುಪು, ಸಂದುಗಳೇ ಇಲ್ಲ. ಎರಡು, ಸ್ಟೀಲ್ ತಟ್ಟೆ ಅಂಟಿನ ಬಿಸಿಯನ್ನು ತಟ್ಟನೆ ಎಳೆದುಕೊಳ್ಳುತ್ತದೆ. ಮೇಲೆ ಇನ್ನೂ ಮೆತ್ತಗೆ ಕಾಣುತ್ತದೆ, ತಟ್ಟೆಗೆ ತಾಗಿದ ಕಡೆ ಆಗಲೇ ಗಟ್ಟಿಯಾಗಿರುತ್ತದೆ.

ಹೀಗೆ ಮಾಡಿ ನೋಡಿ. ತಟ್ಟೆಯನ್ನು ಪಾತ್ರೆ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಬೆರಳಿನ ಜಿಡ್ಡೂ ಇರಬಾರದು. ಅಂಟಿಸುವ ಜಾಗವನ್ನು ಮಾತ್ರ ಸ್ಯಾಂಡ್ ಪೇಪರಿನಿಂದ ಉಜ್ಜಿ ತರಿತರಿ ಮಾಡಿ. ತಟ್ಟೆಯನ್ನು ಬಿಸಿಲಿನಲ್ಲಿಟ್ಟು ಅಥವಾ ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿ. ಫ್ಯಾನ್ ಆರಿಸಿ. ಒಂದು ಚೂರಿಗೆ ಆಗುವಷ್ಟೇ ಅಂಟು ಹಾಕಿ, ತಕ್ಷಣ ಇಟ್ಟು ಒತ್ತಿ ಹಿಡಿಯಿರಿ. ಐದಾರು ಚೂರಿಗೆ ಒಟ್ಟಿಗೆ ಅಂಟು ಹಾಕಿಟ್ಟು ಆಮೇಲೆ ಒಂದೊಂದೇ ಇಡುತ್ತಾ ಹೋದರೆ ಕೊನೆಯವು ಖಂಡಿತ ಉದುರುತ್ತವೆ.

ಆದರೂ ನೀವು ದುಡ್ಡು ತಗೊಂಡು ಮಾರುವ ವಸ್ತು ಇದು. ಸ್ಟೀಲಿಗೆ ಗಾಜು ಅಂಟಿಸಲು ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ ಅಂಟೇ ಸರಿ ಅಂತ ನನ್ನ ಅಭಿಪ್ರಾಯ. ಎರಡನ್ನೂ ಸಮ ಕಲಸಿ ಹಚ್ಚಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಕೆಲಸ ನಿಧಾನ, ನಿಜ, ಆದರೆ ಕೊಂಡವರು ವಾಪಸ್ ತರುವುದಿಲ್ಲ. ಗ್ಲೂ ಗನ್ನನ್ನು ಅಂಚಿನ ಲೇಸ್, ಗೋಟಾ ಪಟ್ಟಿಗೆ ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು: ದೀಪ, ಕರ್ಪೂರ ಇಡುವ ಜಾಗದ ಹತ್ತಿರ ಇವಿಎ ಅಂಟು ಬೇಡವೇ ಬೇಡ. ಬಿಸಿಗೆ ಮೆತ್ತಗಾಗಿ ಅಲಂಕಾರ ಜಾರುತ್ತದೆ, ಬೆಂಕಿ ತಾಗಿದರೆ ಅಂಟೂ ಉರಿಯುತ್ತದೆ. ತಟ್ಟೆಯ ಮಧ್ಯ ಖಾಲಿ ಬಿಡಿ.

ಪ್ರಶ್ನೆ: ಗಣೇಶನ ಮಂಟಪಕ್ಕೆ ಥರ್ಮಾಕೋಲ್ ಅಂಟಿಸಲು ಹೋದರೆ ತೂತು ಬೀಳುತ್ತದೆ. (ಬಸವನಗುಡಿ)

ಬೀಳಲೇಬೇಕು. ಥರ್ಮಾಕೋಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ಸಾಮಾನ್ಯ ಗನ್ನಿನ ಅಂಟು ಹೊರಬರುವುದು ಅದಕ್ಕಿಂತ ಎಷ್ಟೋ ಬಿಸಿಯಲ್ಲಿ, 190ರ ಆಸುಪಾಸು ಇರುವ ಗನ್‌ಗಳೂ ಇವೆ. 120 ಡಿಗ್ರಿಯ ಕಡಿಮೆ ಬಿಸಿಯ ಗನ್ ಇದ್ದರೆ, ಅಂಟನ್ನು ಮೊದಲು ಇನ್ನೊಂದು ವಸ್ತುವಿಗೆ ಹಾಕಿ, ಒಂದೆರಡು ಕ್ಷಣ ಬಿಟ್ಟು, ಆಮೇಲೆ ಥರ್ಮಾಕೋಲಿಗೆ ಒತ್ತಬಹುದು. ಇಲ್ಲದಿದ್ದರೆ ಫೆವಿಕಾಲ್ ಹಚ್ಚಿ ಗುಂಡುಸೂಜಿ ಚುಚ್ಚಿ ಬಿಡಿ, ಬೆಳಿಗ್ಗೆ ಹೊತ್ತಿಗೆ ಹಿಡಿದಿರುತ್ತದೆ.

ನನ್ನನ್ನು ಕೇಳಿದರೆ ಥರ್ಮಾಕೋಲೇ ಬೇಡ. ಫ್ರಿಜ್, ವಾಷಿಂಗ್ ಮಷೀನ್ ಬಂದ ರಟ್ಟಿನ ಪೆಟ್ಟಿಗೆ ಸಿಗುತ್ತದಲ್ಲ, ಅದರಲ್ಲಿ ಕಂಬ, ಗೋಪುರ ಕತ್ತರಿಸಿ ನೋಡಿ. ಗ್ಲೂ ಗನ್ ಅತ್ಯಂತ ಚೆನ್ನಾಗಿ ಹಿಡಿಯುವುದೇ ರಟ್ಟಿಗೆ. ಇನ್ನೊಂದು ಮಾತು, ಮಣ್ಣಿನ ಗಣಪತಿಯ ಮೈಮೇಲೆ ಮಾತ್ರ ಈ ಅಂಟು ಹಾಕಬೇಡಿ. ಅದು ನೀರಿನಲ್ಲಿ ಕರಗುವುದಿಲ್ಲ, ಮೂರ್ತಿ ಕರಗಿದ ಮೇಲೂ ಕಲ್ಯಾಣಿಯಲ್ಲೋ ನಿಮ್ಮ ಬಕೆಟ್ಟಿನಲ್ಲೋ ಹಾಗೇ ಉಳಿಯುತ್ತದೆ. ಒಡವೆಯನ್ನು ದಾರದಲ್ಲಿ ಕಟ್ಟಿ, ವಿಸರ್ಜನೆಗೆ ಮೊದಲು ಬಿಚ್ಚಿಕೊಳ್ಳಿ.

ಪ್ರಶ್ನೆ: ಮಗಳು ನಾಲ್ಕನೇ ಕ್ಲಾಸು. ಶಾಲೆಯ ಪ್ರಾಜೆಕ್ಟ್‌ಗೆ ಗ್ಲೂ ಗನ್ ಬೇಕು ಅಂತ ಹಟ. ಕೊಡಬಹುದೇ? ಸುಟ್ಟುಕೊಂಡರೆ ಏನು ಮಾಡಬೇಕು? (ರಾಜಾಜಿನಗರ)

ಒಬ್ಬಳ ಕೈಗೇ ಕೊಡಬೇಡಿ. ನೀವು ಪಕ್ಕದಲ್ಲಿ ಕೂತು, ಅಂಟು ನೀವೇ ಹಾಕಿ, ಇಡುವ ಕೆಲಸ ಅವಳಿಗೆ ಬಿಡಿ. ಕೈಯಿಂದ ಅಲ್ಲ, ಐಸ್‌ಕ್ರೀಮ್ ಕಡ್ಡಿಯಿಂದ ಒತ್ತಲಿ. ಕಡಿಮೆ ಬಿಸಿಯ ಗನ್ನೇ ತಗೊಳ್ಳಿ, ಆದರೆ ‘ಲೋ ಟೆಂಪ್’ ಅಂತ ಬರೆದಿದ್ದರೆ ಸುಡುವುದಿಲ್ಲ ಅಂತ ಅರ್ಥವಲ್ಲ. 120 ಡಿಗ್ರಿ ಅಂದರೆ ಕುದಿಯುವ ನೀರಿಗಿಂತ ಜಾಸ್ತಿ. ಬಿಸಿನೀರು ಹರಿದು ಹೋಗುತ್ತದೆ, ಈ ಅಂಟು ಚರ್ಮಕ್ಕೆ ಕಚ್ಚಿಕೊಂಡು ಸುಡುತ್ತಲೇ ಇರುತ್ತದೆ. ನನಗೆ ಭಯ ಇರುವುದು ಅದಕ್ಕೇ.

ಸುಟ್ಟರೆ ಕೈಯನ್ನು ತಕ್ಷಣ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು, 20 ನಿಮಿಷ. ಮಕ್ಕಳು ಎರಡೇ ನಿಮಿಷಕ್ಕೆ ಸಾಕು ಅನ್ನುತ್ತಾರೆ, ಬಿಡಬೇಡಿ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನ ಓವರ್‌ಹೆಡ್ ಟ್ಯಾಂಕಿನ ನೀರೇ ಬಿಸಿ ಬರುತ್ತದೆ, ಆಗ ಮನೆಯೊಳಗೆ ತುಂಬಿಟ್ಟ ಬಕೆಟ್ ನೀರನ್ನು ಚೊಂಬಿನಲ್ಲಿ ಸುರಿಯುತ್ತಾ ಇರಿ. ಬಳೆ, ಉಂಗುರ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಅಂಟು ಚರ್ಮಕ್ಕೆ ಹಿಡಿದಿದ್ದರೆ ಕೀಳಬೇಡಿ, ಅದರ ಜೊತೆ ಚರ್ಮವೇ ಕಿತ್ತು ಬರುತ್ತದೆ. ಟೂತ್‌ಪೇಸ್ಟ್, ಇಂಕು, ತುಪ್ಪ, ಅರಿಶಿನ, ಐಸ್ ಯಾವುದೂ ಬೇಡ. ಅಜ್ಜಿ ಹೇಳಿದರೂ ಬೇಡ. ಗುಳ್ಳೆ ಎದ್ದರೆ ಒಡೆಯದೆ, ಸ್ವಚ್ಛವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಹತ್ತಿರದ ಡಾಕ್ಟರಿಗೆ ತೋರಿಸಿ. ಮುಖ, ಕಣ್ಣಿನ ಹತ್ತಿರ ಬಿದ್ದಿದ್ದರೆ ಅಥವಾ ಗಾಯ ದೊಡ್ಡದಿದ್ದರೆ ದೊಡ್ಡ ಆಸ್ಪತ್ರೆಗೇ ಹೋಗಿ, ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೇ ಬೇರೆ ವಿಭಾಗ ಇದೆ.

ಪ್ರಶ್ನೆ: ಗನ್ ಸುಮ್ನೆ ಇಟ್ಟರೂ ಮೂತಿಯಿಂದ ಅಂಟು ಸೋರುತ್ತದೆ, ಮುಗಿಸಿದ ಮೇಲೆ ಕೆಲಸದ ತುಂಬ ಜೇಡರ ಬಲೆಯಂತೆ ಎಳೆ. ಉಳಿದ ಕಡ್ಡಿ ಹಿಂದಿನಿಂದ ಎಳೆದರೂ ಬರುವುದಿಲ್ಲ. (ಕಾಲೇಜು ವಿದ್ಯಾರ್ಥಿನಿ, ಮಲ್ಲೇಶ್ವರ)

ಸ್ವಲ್ಪ ಸೋರುವುದು ಎಲ್ಲ ಗನ್ನಿಗೂ ಇದ್ದದ್ದೇ. ಮೂತಿಯ ಕೆಳಗೆ ಒಂದು ಹಳೆಯ ಟೈಲ್ ಇಡಿ, ಬಿದ್ದ ಅಂಟು ತಣ್ಣಗಾದ ಮೇಲೆ ಹಾಗೇ ಎದ್ದು ಬರುತ್ತದೆ. ಹತ್ತು ನಿಮಿಷ ಬೇರೆ ಕೆಲಸ ಇದ್ದರೆ ಆಫ್ ಮಾಡಿ. ಎಳೆ ಬಾರದಿರಲು, ಟ್ರಿಗರ್ ಬಿಟ್ಟ ಮೇಲೆ ಮೂತಿಯನ್ನು ಅಲ್ಲೇ ಒರೆಸಿದಂತೆ ಒಂದು ಸುತ್ತು ತಿರುಗಿಸಿ ಎತ್ತಿ. ಬಂದ ಎಳೆಗಳಿಗೆ ಹೇರ್ ಡ್ರೈಯರ್ ಹಿಡಿದರೆ ಸುರುಟಿಕೊಂಡು ಹೋಗುತ್ತವೆ. ಕಡ್ಡಿಯನ್ನು ಹಿಂದಕ್ಕೆ ಎಳೆಯಬೇಡಮ್ಮ, ಕರಗಿದ ಅಂಟು ಒಳಗಿನ ಭಾಗಗಳಿಗೆ ಅಂಟಿ ಗನ್ ಹಾಳಾಗುತ್ತದೆ. ಅಲ್ಲೇ ಇರಲಿ, ಮುಂದಿನ ಸಲ ಅದೇ ಬಳಕೆಯಾಗುತ್ತದೆ. ಬೇರೆ ಬಣ್ಣ ಬೇಕಿದ್ದರೆ ಹಿಂದಿನಿಂದ ಹೊಸ ಕಡ್ಡಿ ತಳ್ಳಿ, ಹಳೆಯದು ಮುಂದಿನಿಂದ ಹೊರಗೆ ಬರುತ್ತದೆ.

ಪ್ರಶ್ನೆ: ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿದ ಪುಟ್ಟ ಗಣಪತಿ ಪದೇ ಪದೇ ಬೀಳುತ್ತಾನೆ. (ವೈಟ್‌ಫೀಲ್ಡ್)

ಸರ್, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟಬಹುದು, ಆ ಬಿಸಿಗೆ ಈ ಅಂಟು ಮತ್ತೆ ಮೆತ್ತಗಾಗುತ್ತದೆ. ಎಷ್ಟು ಸಲ ಹಾಕಿದರೂ ಅದೇ ಕಥೆ. ಕಾರ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ, ಬಿಸಿ ತಡೆಯುವ ಫೋಮಿನ ಡಬಲ್ ಸೈಡ್ ಟೇಪ್ ಹಾಕಿ. ಹಳೆಯ ಅಂಟು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್‌ನ ಒಂದೆರಡು ಹನಿ ಅಂಚಿಗೆ ಬಿಟ್ಟು, ಒಂದು ನಿಮಿಷ ಕಾದು, ಉಗುರಿನಿಂದ ಎಬ್ಬಿಸಿ. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಹೋಗುವುದಿಲ್ಲ ಅಂತ ನೋಡಿಕೊಳ್ಳಿ. ಅದು ಬೇಗ ಹೊತ್ತಿಕೊಳ್ಳುತ್ತದೆ, ಕಾರಿನ ಬಾಗಿಲು ತೆರೆದಿಟ್ಟೇ ಬಳಸಿ.