ಮನೆ ಪ್ರಶ್ನೋತ್ತರ: ಅಡುಗೆ ಕಟ್ಟೆಯ ಮೇಲೆ ಬೆಳಕು ಬೀಳಬೇಕಾದರೆ

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿಯಲ್ಲಿರುವ ಹಳೆಯ ಹಂಚಿನ ಮನೆ. ಒಲೆಯನ್ನು ತೆಗೆಸಿ, ಗೋಡೆಗುಂಟ 10 ಅಡಿ ಉದ್ದದ ಕಪ್ಪು ಗ್ರಾನೈಟ್ ಕಟ್ಟೆಯನ್ನು ಹಾಕಿಸಿದ್ದೇವೆ. ದೀಪ ಮಾತ್ರ ಮೊದಲಿನಂತೆ ಕೋಣೆಯ ನಡುವಿನ ತೊಲೆಯಲ್ಲಿಯೇ ಇದೆ. 9 ವ್ಯಾಟಿನ ಬಲ್ಬ್ ತೆಗೆದು 15 ವ್ಯಾಟಿನದನ್ನು ಹಾಕಿದರೂ ತರಕಾರಿ ಹೆಚ್ಚುವಾಗ ಕತ್ತಲೆಯೆನಿಸುತ್ತದೆ. ಫಾಲ್ಸ್ ಸೀಲಿಂಗ್ ಮಾಡಿಸಿ ಎಂಟು ದೀಪ ಕೂರಿಸಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಇದು ಅಗತ್ಯವೇ?
(ಓದುಗರೊಬ್ಬರು, ಶಿರಸಿ ತಾಲ್ಲೂಕು)

ಉತ್ತರ: ಅಗತ್ಯವಿಲ್ಲ. ನಿಮ್ಮ ತೊಂದರೆ ಬಲ್ಬಿನ ಶಕ್ತಿಯದಲ್ಲ, ಅದು ಇರುವ ಜಾಗದ್ದು. ಮೊದಲು ಒಲೆಯ ಮುಂದೆ, ಮೆಟ್ಟುಗತ್ತಿಯ ಮುಂದೆ ಕೋಣೆಯ ನಡುವಿಗೆ ಮುಖ ಮಾಡಿ ಕುಳಿತು ಕೆಲಸ ಮಾಡುತ್ತಿದ್ದಾಗ ತೊಲೆಯ ದೀಪ ಸಾಕಾಗುತ್ತಿತ್ತು. ಈಗ ಗೋಡೆಗೆ ಮುಖ ಮಾಡಿ ನಿಲ್ಲುವುದರಿಂದ ದೀಪ ಬೆನ್ನಿಗೆ ಬಂದಿದೆ, ನಿಮ್ಮ ನೆರಳು ನೇರವಾಗಿ ಹೆಚ್ಚುವ ಮಣೆಯ ಮೇಲೆಯೇ ಬೀಳುತ್ತಿದೆ. ಬಲ್ಬ್ ದೊಡ್ಡದಾದಷ್ಟೂ ಆ ನೆರಳು ಇನ್ನಷ್ಟು ಎದ್ದು ಕಾಣುತ್ತದೆಯೇ ಹೊರತು ಮಾಯವಾಗುವುದಿಲ್ಲ. ರಾತ್ರಿ ಕಟ್ಟೆಯ ಮೇಲೆ ಒಂದು ಬಿಳಿ ಕಾಗದ ಹಾಸಿ, ಎಂದಿನಂತೆ ನಿಂತು, ಅದರ ಮೇಲೆ ಗೇಣೆತ್ತರದಲ್ಲಿ ಕೈ ಹಿಡಿದು ನೋಡಿದರೆ ನಿಮಗೇ ತಿಳಿಯುತ್ತದೆ.

ಹಾಗಾಗಿ ಕೆಲಸದ ದೀಪ ನಿಮ್ಮ ಮುಂದೆ, ತಲೆಗೂ ಗೋಡೆಗೂ ನಡುವೆ ಬರಬೇಕು. ನಿಮ್ಮಲ್ಲಿ ಕಟ್ಟೆಯ ಮೇಲೆ ಕಪಾಟು ಇದ್ದರೆ ಅದರ ತಳದಲ್ಲಿ, ಗೋಡೆಯ ಮೂಲೆಗಲ್ಲದೆ ಮುಂದಿನ ಅಂಚಿನ ಕಡೆಗೆ ಕೂರಿಸಿ. ಕಪಾಟು ಇಲ್ಲದಿದ್ದರೆ ಕಟ್ಟೆಯಿಂದ ಸುಮಾರು ಎರಡೂವರೆ ಅಡಿ ಮೇಲೆ ಗೋಡೆಗೆ 4 ಅಡಿ ಉದ್ದದ, 20 ವ್ಯಾಟಿನ ಎಲ್‌ಇಡಿ ಟ್ಯೂಬ್‌ಲೈಟ್ ಹೊಡೆಸಿ, ಅದರ ಮುಂದೆ ಮೂರು ಇಂಚಿನ ಮರದ ಪಟ್ಟಿಯೊಂದನ್ನು ಅಡ್ಡಲಾಗಿ ಕೊಡಿಸಿ. ಪಟ್ಟಿಯಿಲ್ಲದಿದ್ದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಗ್ಯಾಸ್ ಒಲೆಯ ನೇರ ಮೇಲೆ ಮಾತ್ರ ಬೇಡ, ಒಗ್ಗರಣೆಯ ಹೊಗೆ ಮತ್ತು ಬಿಸಿ ಎರಡೂ ಅದರ ಆಯುಷ್ಯವನ್ನು ಕಡಿಮೆ ಮಾಡುತ್ತವೆ.

ಇದಿಷ್ಟೇ ಸಾಕೇ ಎಂದು ಅನುಮಾನವಿದ್ದರೆ ಲೆಕ್ಕ ನೋಡೋಣ. ದೀಪ ಕೊಳ್ಳುವಾಗ ವ್ಯಾಟನ್ನಲ್ಲ, ಡಬ್ಬಿಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನು ಓದಬೇಕು, ಏಕೆಂದರೆ ವ್ಯಾಟ್ ಹೇಳುವುದು ಖರ್ಚನ್ನು, ಲ್ಯೂಮೆನ್ ಹೇಳುವುದು ಬೆಳಕನ್ನು. ಹೆಚ್ಚುವ, ಆರಿಸುವ ಕೆಲಸಕ್ಕೆ ಚದರ ಮೀಟರಿಗೆ 300ರಿಂದ 500 ಲ್ಯೂಮೆನ್, ಅಂದರೆ 300ರಿಂದ 500 ಲಕ್ಸ್ ಇದ್ದರೆ ಸಾಮಾನ್ಯವಾಗಿ ಸಾಕು. 10 ಅಡಿ ಉದ್ದ, 2 ಅಡಿ ಅಗಲದ ನಿಮ್ಮ ಕಟ್ಟೆ ಎರಡು ಚದರ ಮೀಟರಿಗೂ ಸ್ವಲ್ಪ ಕಡಿಮೆ. ಮೇಲೆ ಹೇಳಿದ ಟ್ಯೂಬ್‌ಲೈಟ್ ಸುಮಾರು 2,000 ಲ್ಯೂಮೆನ್ ಕೊಡುತ್ತದೆ. ಅದರಲ್ಲಿ ಅರ್ಧದಷ್ಟು ಅತ್ತಿತ್ತ ಹೋದರೂ ಕಟ್ಟೆಯ ಮಟ್ಟಿಗೆ ಕೊರತೆಯಾಗದು.

ನಡುವಿನ ಬಲ್ಬ್ ಇರಲಿ, ಆದರೆ ಅದನ್ನು ಕೆಳಗಿಳಿಸಿ. ತಾರಸಿ ಮನೆಯಲ್ಲಿ ಬಿಳಿ ಮಾಳಿಗೆ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹೊಗೆಯಿಂದ ಕಪ್ಪಾದ ಪಕಾಸು, ಹಂಚುಗಳು ಅದನ್ನು ನುಂಗುತ್ತವೆ, ಕಪ್ಪು ಗ್ರಾನೈಟ್ ಕೂಡ ಹಾಗೆಯೇ. ಬಲ್ಬಿಗೂ ವಸ್ತುವಿಗೂ ಇರುವ ಅಂತರ ಅರ್ಧವಾದರೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ನೆಲದಿಂದ ಏಳು ಅಡಿಯ ಎತ್ತರಕ್ಕೆ, ಮೇಲೊಂದು ಬಿಳಿ ಶೇಡ್ ಹಾಕಿ ತೂಗಿಬಿಟ್ಟರೆ ಓಡಾಟಕ್ಕೆ ಅದು ಸಾಕು. ಫಾಲ್ಸ್ ಸೀಲಿಂಗಿನ ಬಗ್ಗೆ ನನ್ನ ಆಕ್ಷೇಪ ಹಣದ್ದು ಮಾತ್ರವಲ್ಲ: ಹಂಚಿನ ಮನೆಯಲ್ಲಿ ಮಳೆಗಾಲಕ್ಕೆ ಯಾವ ಹಂಚು ಸೋರುತ್ತಿದೆ ಎಂಬುದು ಒಳಗಿನಿಂದ ಕಾಣುತ್ತಿರಬೇಕು, ಜಿಪ್ಸಮ್ ಹಲಗೆ ಅದನ್ನು ಮುಚ್ಚಿ, ತಾನೇ ನೀರು ಹೀರಿಕೊಂಡು ಜೋತುಬಿದ್ದ ಮೇಲಷ್ಟೇ ಸುದ್ದಿ ಕೊಡುತ್ತದೆ. ಇಲಿಗಳಿಗೂ ಒಳ್ಳೆಯ ಅಟ್ಟವಾಗುತ್ತದೆ. ಆ ಹಣದ ಒಂದಂಶದಲ್ಲಿ ಕಟ್ಟೆಯ ನೇರಕ್ಕೆ ಎರಡು ಮೂರು ಗಾಜಿನ ಹಂಚು ಕೂರಿಸಿದರೆ ಆಷಾಢದ ಮಬ್ಬಿನಲ್ಲೂ ಹಗಲು ಸ್ವಿಚ್ ಮುಟ್ಟುವ ಪ್ರಸಂಗ ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ಅವುಗಳ ಪಾಚಿ ತೊಳೆಸಬೇಕು.

ಪ್ರಶ್ನೆ: ಕಾರವಾರದಲ್ಲಿ ನಮ್ಮ ಮನೆ ಕಡಲಿಗೆ ಹತ್ತಿರದಲ್ಲಿದೆ. ಕಪಾಟಿನ ಕೆಳಗೆ ಅಂಟಿಸಿದ ಎಲ್‌ಇಡಿ ಸ್ಟ್ರಿಪ್ ಎರಡನೆಯ ಮಳೆಗಾಲದಲ್ಲಿಯೇ ಅಲ್ಲಲ್ಲಿ ಆರಿಹೋಯಿತು. ಮೇಲಾಗಿ ಆ ಬೆಳಕಿನಲ್ಲಿ ಮೀನಿನ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.
(ಓದುಗರೊಬ್ಬರು, ಕಾರವಾರ)

ಉತ್ತರ: ಉಪ್ಪು ಬೆರೆತ ತೇವದ ಗಾಳಿ ಸ್ಟ್ರಿಪ್ಪಿನ ತೆರೆದ ತಾಮ್ರದ ಜೋಡಣೆಗಳನ್ನು ತಿನ್ನುತ್ತದೆ. ಈ ಸಲ ಸಿಲಿಕೋನ್ ಹೊದಿಕೆಯಿರುವ, ಐಪಿ65 (ಧೂಳು, ನೀರಿನ ಸಿಡಿತ ಒಳಹೋಗದ ದರ್ಜೆ) ಎಂದು ನಮೂದಿಸಿದ ಸ್ಟ್ರಿಪ್ ಕೊಂಡು, ಅದನ್ನು ಬರಿಯ ಪ್ಲೈವುಡ್ಡಿಗೆ ಅಂಟಿಸದೆ, ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಕೂರಿಸಿ. ಚಾನೆಲ್ ಬಿಸಿಯನ್ನು ಹೀರುತ್ತದೆ, ಮುಚ್ಚಳವನ್ನು ಒರೆಸಿ ಎಣ್ಣೆಯ ಜಿಡ್ಡು ತೆಗೆಯಬಹುದು. ಆ ಜಿಡ್ಡು ಕುಳಿತರೆ ಬೆಳಕು ಗೊತ್ತಾಗದಂತೆ ಕುಗ್ಗುತ್ತ ಹೋಗುತ್ತದೆ. ಸ್ಟ್ರಿಪ್ಪಿಗೆ ತಕ್ಕ ವಿದ್ಯುತ್ ಒದಗಿಸುವ ಪುಟ್ಟ ಪೆಟ್ಟಿಗೆಯನ್ನು, ಅಂದರೆ ಡ್ರೈವರನ್ನು, ಸಿಂಕಿನಿಂದ ದೂರ, ಗಾಳಿಯಾಡುವ ಒಣ ಜಾಗದಲ್ಲಿ, ಬದಲಿಸಲು ಕೈಗೆ ಸಿಗುವಂತೆ ಇಡಿಸಿ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ.

ಬಣ್ಣದ ದೂರಿಗೆ ಕಾರಣ ಬೇರೆ. ಡಬ್ಬಿಯ ಮೇಲೆ ಸಿಆರ್‌ಐ ಎಂಬ ಸಂಖ್ಯೆ ಇರುತ್ತದೆ. ಹಗಲಿನ ಬೆಳಕಿನಲ್ಲಿ ಕಾಣುವ ಬಣ್ಣಕ್ಕೆ ದೀಪ ಎಷ್ಟು ಹತ್ತಿರ ಬರುತ್ತದೆ ಎಂಬುದರ ಅಳತೆ ಅದು, ಗರಿಷ್ಠ 100. ಅಗ್ಗದ ಎಲ್‌ಇಡಿಗಳು ಸಾಮಾನ್ಯವಾಗಿ ಸೋಲುವುದು ಕೆಂಪಿನಲ್ಲಿ, ಆದ್ದರಿಂದಲೇ ತಾಜಾ ಬಂಗುಡೆಯ ಕಿವಿರು ಕೂಡ ಅವುಗಳ ಕೆಳಗೆ ಕಂದುಬಣ್ಣಕ್ಕೆ ತಿರುಗಿದಂತೆ ತೋರುತ್ತದೆ. 90 ಅಥವಾ ಅದಕ್ಕಿಂತ ಹೆಚ್ಚಿನ ಸಿಆರ್‌ಐ, 4,000 ಕೆಲ್ವಿನ್ ಬಣ್ಣದ ದೀಪ ಕೇಳಿ ಪಡೆಯಿರಿ. ಕೆಲ್ವಿನ್ ಬೆಳಕಿನ ಛಾಯೆಯ ಅಳತೆ: ಸಂಖ್ಯೆ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿಬಿಳುಪು. ನಮ್ಮ ಕಡೆ ಎಲ್ಲರೂ ಕೊಳ್ಳುವ 6,500 ಕೆಲ್ವಿನ್ನಿನ ನೀಲಿಛಾಯೆಯ ಬಿಳುಪು ಅಂಗಡಿಯ ಮುಂಗಟ್ಟಿಗೆ ಸರಿ, ಅನ್ನದ ತಟ್ಟೆಗೆ ಅಲ್ಲ.

ಪ್ರಶ್ನೆ: ಮಳೆ ಹಿಡಿಯುವ ಹೊತ್ತಿಗೆ ಅಡುಗೆಮನೆಯ ದೀಪಕ್ಕೆ ಹುಳುಗಳು ಮುತ್ತುತ್ತವೆ. ಹಳದಿ ದೀಪ ಹಾಕಿದರೆ ಕಡಿಮೆಯಾಗುತ್ತವೆಯೇ?
(ಓದುಗರೊಬ್ಬರು, ಅಂಕೋಲಾ)

ಉತ್ತರ: ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. ಹುಳುಗಳನ್ನು ಹೆಚ್ಚಾಗಿ ಸೆಳೆಯುವುದು ನೀಲಿ ಮತ್ತು ಅತಿನೇರಳೆ ಬೆಳಕು; 2,700 ಕೆಲ್ವಿನ್ನಿನ ಹಳದಿ ದೀಪದಲ್ಲಿ ನೀಲಿಯ ಪಾಲು ಕಡಿಮೆ. ಕಟ್ಟೆಯ ಕೆಲಸಕ್ಕೆ ಬಿಳಿಯ ದೀಪವನ್ನೇ ಇಟ್ಟುಕೊಂಡು, ಅದಕ್ಕೆ ಬೇರೆ ಸ್ವಿಚ್ ಕೊಡಿಸಿ. ಊಟದ ಹೊತ್ತಿಗೆ ಅದನ್ನು ಆರಿಸಿ ಹಳದಿಯದನ್ನು ಹಾಕಿಕೊಳ್ಳಬಹುದು. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು.