ದೊಡ್ಡ ಆಸ್ಪತ್ರೆಯಲ್ಲ, ತಾಲ್ಲೂಕಿನಲ್ಲೇ ಮಾತ್ರೆ

ಓದುಗರ ಪತ್ರ: ಮಾನಸಿಕ ಆರೋಗ್ಯಕ್ಕೆ ರಾಜ್ಯ ಬಜೆಟ್‌ನಲ್ಲಿ ಜಾಸ್ತಿ ಹಣ ಇಡಬೇಕು, ಅದು ತಾಲ್ಲೂಕು ಮಟ್ಟಕ್ಕೆ ಹೋಗಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮಣ್ಣನಿಗೆ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ. ಬಹಳ ವರ್ಷದಿಂದ ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಹಣವನ್ನು ಚೂರು ಚೂರು ಹಂಚುವ ಬದಲು ಜಿಲ್ಲೆಗೊಂದು ದೊಡ್ಡ ಮಾನಸಿಕ ಆಸ್ಪತ್ರೆ ಕಟ್ಟಬಾರದೇ? ಇಂಥವರನ್ನು ಅಲ್ಲೇ ಸೇರಿಸಿ ಬರಬಹುದು.
– ತುಮಕೂರು ಜಿಲ್ಲೆಯ ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಸಾಲಿನಲ್ಲಿರುವ ದಣಿವು ಅರ್ಥವಾಯಿತು. ತಿಂಗಳಿಗೊಮ್ಮೆ ಬೆಂಗಳೂರು ಅಂದರೆ ಇಬ್ಬರ ಬಸ್ ಚಾರ್ಜು, ಊಟ, ಒಂದು ದಿನದ ಕೂಲಿ. ಮಾತ್ರೆ ಪುಕ್ಕಟೆ ಸಿಕ್ಕರೂ ಖರ್ಚು ತಪ್ಪುವುದಿಲ್ಲ. ಆದರೂ ನೀವು ಅಣ್ಣನ ಕೈ ಬಿಟ್ಟಿಲ್ಲ. ಅದಕ್ಕೇ ದೊಡ್ಡ ಆಸ್ಪತ್ರೆಯ ಮಾತನ್ನು ನಾನು ಒಪ್ಪುವುದಿಲ್ಲ. ಈ ಕಾಯಿಲೆಗೆ ಹಾಸಿಗೆ ಬೇಕಾಗುವುದು ಜೋರಾದಾಗ, ಸಾಮಾನ್ಯವಾಗಿ ಕೆಲವು ವಾರ. ಮಾತ್ರೆ ಮತ್ತು ವಿಚಾರಿಸುವ ಜನ ಬೇಕಾಗುವುದು ವರ್ಷಗಟ್ಟಲೆ. ಜಿಲ್ಲಾ ಕೇಂದ್ರದಲ್ಲಿ ಕಟ್ಟಡ ಎದ್ದರೂ ನಿಮ್ಮ ಬಸ್ ಪ್ರಯಾಣ ಸ್ವಲ್ಪ ಗಿಡ್ಡವಾಗುತ್ತದೆ, ಅಷ್ಟೇ.

ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಂಗಳವಾರ, ಮನೋವೈದ್ಯರು ಬರುವ ದಿನ. ತಾಯಿ ಮತ್ತು ಮೂವತ್ತರ ಆಸುಪಾಸಿನ ಮಗ ಔಷಧಿ ಕಿಟಕಿಯ ಮುಂದೆ ನಿಂತಿದ್ದರು. ಚೀಟಿಯಲ್ಲಿ ಎರಡು ಮಾತ್ರೆ. ಕಾಯಿಲೆಯ ಮುಖ್ಯ ಮಾತ್ರೆ ರಿಸ್ಪೆರಿಡೋನ್ ಸಿಕ್ಕಿತು. ಅದರಿಂದ ಬರುವ ಕೈ ನಡುಕ ತಡೆಯಲು ಬರೆದಿದ್ದ ಟ್ರೈಹೆಕ್ಸಿಫೆನಿಡಿಲ್ ಇರಲಿಲ್ಲ. ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಅಂದರು. ಮಗ ತೆಂಗಿನಕಾಯಿ ಸುಲಿಯುವ ಕೆಲಸದವನು. ಕೈ ನಡುಗಿದರೆ ಮಚ್ಚು ಹಿಡಿಯುವುದು ಹೇಗೆ? ಹಿಂದೆಯೂ ಹೀಗೇ ಆಗಿತ್ತು, ಆಗ ಅವನು ಎರಡೂ ಮಾತ್ರೆ ಬಿಟ್ಟಿದ್ದ, ಕಾಯಿಲೆ ಮರುಕಳಿಸಿತ್ತು ಅಂತ ತಾಯಿ ಹೇಳಿದರು. ಕೆಲವೇ ರೂಪಾಯಿಯ ಮಾತ್ರೆ ಅದು. ಡಾಕ್ಟರು ಬಂದಿದ್ದರು, ಚೀಟಿಯೂ ಸರಿಯಿತ್ತು. ತಪ್ಪಿದ್ದು ಔಷಧಿ ಖರೀದಿಯಲ್ಲಿ. ಅಂದರೆ ದುಡ್ಡಿನ ಕಡೆಯಲ್ಲಿ.

ಊರಿನ ಹತ್ತಿರವೇ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟಿದ್ದೇ ನಮ್ಮ ಬಳ್ಳಾರಿ. 1985ರಿಂದ 1990ರವರೆಗೆ ಅಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟರು. ಅಗತ್ಯವಾದ ಕೆಲವೇ ಔಷಧಿಗಳನ್ನು ಅಲ್ಲಿಗೆ ತಲುಪಿಸಿದರು. ಸರಳವಾದ ದಾಖಲೆ ಇಟ್ಟರು, ಜಿಲ್ಲಾ ತಂಡ ಮೇಲ್ವಿಚಾರಣೆ ಮಾಡಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿದಾಗ ಇದನ್ನೇ ಮಾದರಿ ಮಾಡಿಕೊಂಡಿತು. ಆಮೇಲೆ ತೀರ್ಥಹಳ್ಳಿಯಲ್ಲಿ, ನಿಮ್ಮದೇ ಜಿಲ್ಲೆಯ ತುರುವೇಕೆರೆಯಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಊರಲ್ಲೇ ಚಿಕಿತ್ಸೆ ಕೊಟ್ಟು, ಬಿಡದೆ ವಿಚಾರಿಸುವ ಕೆಲಸ ನಡೆಯಿತು. ತೀರ್ಥಹಳ್ಳಿಯ ಅಧ್ಯಯನದಲ್ಲಿ, ಔಷಧಿ ತಪ್ಪಿಸದವರು ಮನೆ ಮತ್ತು ದುಡಿಮೆಯ ವಿಷಯದಲ್ಲಿ ಉಳಿದವರಿಗಿಂತ ಎಷ್ಟೋ ಸುಧಾರಿಸಿದ್ದರು. ನಿಮ್ಮಣ್ಣನೂ ಹಾಗೆ ಬಾಳಬಹುದು. ಸೇರಿಸಿ ಬರುವ ಮಾತಿಗೆ ನಾನು ಹಿಂಜರಿಯುವುದು ಇದೇ ಕಾರಣಕ್ಕೆ.

ಹಾಗಾದರೆ ಇವತ್ತು ತೊಡಕೇನು? ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದೆ. ರೋಗಿಗಳು ಹಗಲು ಹೊತ್ತು ಬಂದು ಹೋಗುವ ಮಾನಸಾಧಾರ ಪುನರ್ವಸತಿ ಕೇಂದ್ರಗಳಿವೆ. ಯೋಚನೆ ಚೆನ್ನಾಗಿದೆ. ಆದರೆ ಹಣದ ದೊಡ್ಡ ಪಾಲು ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಬರುತ್ತದೆ, ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ. ಸಮಾಜ ಕಾರ್ಯಕರ್ತರು, ನರ್ಸ್‌ಗಳಲ್ಲಿ ಬಹಳ ಜನ ಗುತ್ತಿಗೆಯವರು. ಕಂತು ತಡವಾದರೆ ಸಂಬಳ ತಡ. ಸಂಬಳ ತಡವಾದರೆ ಬೇರೆ ಕೆಲಸ ಹುಡುಕುತ್ತಾರೆ, ಅವರನ್ನು ದೂರುವಂತಿಲ್ಲ. ಆದರೆ ಎರಡು ತಿಂಗಳಿಂದ ಕಾಣದ ರೋಗಿಯ ಮನೆಗೆ ಹೋಗಿ ‘ಯಾಕಪ್ಪಾ ಬರಲಿಲ್ಲ’ ಅಂತ ಕೇಳುವವರು ಅವರೇ ಅಲ್ವಾ? ಅವರು ಹೋದರೆ ಆ ಊರಿನ ನಂಟೇ ಕಡಿದುಹೋಗುತ್ತದೆ. ರಾಜ್ಯ ಸರ್ಕಾರ ತನ್ನ ಬಜೆಟ್‌ನಲ್ಲೇ ಇದಕ್ಕೆ ಪ್ರತ್ಯೇಕ ಹಣ ಇಡಬೇಕು, ತಾಲ್ಲೂಕಿಗೊಬ್ಬ ನರ್ಸ್ ಮತ್ತು ಒಬ್ಬ ಸಮಾಜ ಕಾರ್ಯಕರ್ತರನ್ನು ಕಾಯಂ ಮಾಡಬೇಕು ಅಂತ ನಾವು ಪಟ್ಟು ಹಿಡಿದಿರುವುದು ಇದಕ್ಕೇ.

ಇದು ಸರ್ಕಾರದ ದಯೆಯ ವಿಷಯವೂ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿ ಪಟ್ಟಿಯ ಮಾತ್ರೆಗಳು ಯಾವಾಗಲೂ ಉಚಿತವಾಗಿ ಸಿಗಬೇಕು ಅಂತ ಅದರ 18ನೇ ಕಲಂ ಹೇಳುತ್ತದೆ. ಸಾಕಷ್ಟು ಹಣ ಒದಗಿಸುವುದು ಸರ್ಕಾರದ ಹೊಣೆ ಅಂತಲೂ ಅದೇ ಕಲಮಿನಲ್ಲಿದೆ. ಬೇಕಾದಷ್ಟು ತಜ್ಞರನ್ನು ಸಿದ್ಧಮಾಡಲು ಕಾಯ್ದೆ ಕೊಟ್ಟಿರುವ ಹತ್ತು ವರ್ಷದ ಗಡುವು 2028ಕ್ಕೆ ಮುಗಿಯುತ್ತದೆ.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು. ಬೆಂಗಳೂರಿನ ಚೀಟಿ ಹಿಡಿದು ಒಂದು ಮಂಗಳವಾರ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅದೇ ಔಷಧಿಗಳನ್ನು ಇಲ್ಲೇ ಮುಂದುವರಿಸಬಹುದೇ ಅಂತ ವೈದ್ಯರನ್ನು ಕೇಳಿ. ರಾತ್ರಿ ಹೊತ್ತಿನಲ್ಲಿ ದಿಕ್ಕು ತೋಚದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಯಾವುದಾದರೂ ಮಾತ್ರೆ ‘ಸ್ಟಾಕ್ ಇಲ್ಲ’ ಅಂದರೆ ಸುಮ್ನೆ ವಾಪಸ್ ಬರಬೇಡಿ. ತಾರೀಕು ಮತ್ತು ಮಾತ್ರೆಯ ಹೆಸರು ಬರೆದು ಆಡಳಿತ ವೈದ್ಯಾಧಿಕಾರಿಗೆ ಕೊಡಿ, ಒಂದು ಪ್ರತಿ ನಿಮ್ಮ ಶಾಸಕರಿಗೂ ಇರಲಿ. ಬಜೆಟ್‌ಗೆ ಮುಂಚೆ ನಮಗೂ ಒಂದು ಪ್ರತಿ ಕಳಿಸಿ. ಬೇರೆ ತಾಲ್ಲೂಕುಗಳ ಓದುಗರು ಬರೆದದ್ದನ್ನೂ ಸೇರಿಸಿ, ಹೆಸರು ಹಾಕದೆ ಪ್ರಕಟಿಸುತ್ತೇವೆ.